ಆರು ಮನೆ, ಏಳು ದಿನ

ಓದಲೆಂದು ಗೊತ್ತಿಲ್ಲದ ಊರಿಗೆ ಹೋದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ನಗು ಬರುವುದಿಲ್ಲ. ನನಗೆ ಇನ್ನೂ ಬಂದಿಲ್ಲ. ಕೇಳಿದವರು ನಗುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷ ಕಳೆದಿತ್ತು. ನಾನು ಕುಂಚಾವರಂ ಕಡೆಯವನು. ಚಿಂಚೋಳಿಯಲ್ಲಿ ಆಯಿಯ, ಅಂದರೆ ಅಜ್ಜಿಯ, ಮನೆಯಲ್ಲಿದ್ದು ಓದಿದೆ. ಮ್ಯಾಟ್ರಿಕ್ಕಿನಲ್ಲಿ ಉಳಿದದ್ದೆಲ್ಲ ಪಾಸಾಯಿತು, ಗಣಿತ ಹೋಯಿತು. ಕಾರಣ ಇತ್ತು. ಲೆಕ್ಕವನ್ನು ನಾವು ಉರ್ದುವಿನಲ್ಲಿ ಕಲಿತವರು. ಸರಕಾರ ಬದಲಾಯಿತು, ಪರೀಕ್ಷೆ ಕನ್ನಡಕ್ಕೆ ಬಂತು. ಮನೆಯಲ್ಲಿ ಆಡುವುದು ಕನ್ನಡವೇ. ಆದರೆ ಯಾರ ಮನೆಯಲ್ಲೂ ತ್ರಿಕೋನದ ಮಾತು ಆಡುವುದಿಲ್ಲ.

ನನ್ನ ಸೋದರಮಾವ ಕಾಡಿನಲ್ಲಿ ಬೀಡಿ ಎಲೆ ಗುತ್ತಿಗೆದಾರನ ಮುನ್ಶಿ. ಎಲೆಯ ಕಟ್ಟು ಎಣಿಸುವುದು ಅವನ ಕೆಲಸ. ನಾನು ಫೇಲಾದ ಸುದ್ದಿ ಕೇಳಿ ಅವನಿಗೆ ಖುಷಿಯಾಯಿತು.

"ಗಣಿತ ಬರ್ಲಿಲ್ಲಂದ್ರ ಏನಾತು? ಎಣಿಸ್ಲಿಕ್ಕ ಬರ್ತದಲ್ಲ? ಬಾ, ನನ್ನ ಮಗ್ಗುಲ ಕುಂದ್ರು" ಅಂದ.

ಮಳೆಗಾಲಕ್ಕೆ ಮೊದಲು ಇನ್ನೊಂದು ಸಲ ಪರೀಕ್ಷೆ ಕಟ್ಟಬಹುದಿತ್ತು. ಶಹಾಬಾದಿನಲ್ಲಿ ಬೇಸಿಗೆಯ ಕ್ಲಾಸು ನಡೆಯುತ್ತವೆ ಎಂದು ಕೇಳಿದ್ದೆ. ಅಪ್ಪ ಹೇಳಿದ: "ಹೋಗು. ಇದೊಂದು ಸರ್ತಿ. ಕಳಿಸ್ಲಿಕ್ಕ ನನ್ನ ಕಡಿ ಏನೂ ಇಲ್ಲ. ಹಸಿವಿ ತಾಳದಿದ್ರ ವಾಪಸ್ ಬಾ. ಎಲಿ ಎಲ್ಲೂ ಹೋಗಲ್ಲ."

ಹೀಗೆ ಹೋದೆ. ಪಾಸಾಗಬೇಕು, ಇಲ್ಲವೆ ಎಲೆ ಎಣಿಸಬೇಕು.

ವಾಡಿಯಲ್ಲಿ

ಅವ್ವ ನಲವತ್ತು ಖಡಕ್ ರೊಟ್ಟಿ ಬಡಿದು, ಹಳೆಯ ಧೋತರದಲ್ಲಿ ಕಟ್ಟಿಕೊಟ್ಟಿದ್ದಳು. ಸೇಡಂವರೆಗೆ ಬಂಡಿ. ಅಲ್ಲಿಂದ ರೈಲು. ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದೆ. ಶಹಾಬಾದಿಗೆ ಅಲ್ಲಿ ಗಾಡಿ ಬದಲಿಸಬೇಕು.

ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ನಾನು ಕೂತೆ. ಗಂಟು ಪಕ್ಕದಲ್ಲಿತ್ತು. ಶೇರ್ವಾನಿ ತೊಟ್ಟ ದಪ್ಪನೆಯ ಮನುಷ್ಯರೊಬ್ಬರು ಬಂದರು. ಕಲ್ಲಿನ ಬೆಂಚನ್ನು ಕೈಯಿಂದ ಮುಟ್ಟಿ ನೋಡಿ ಕೈ ಕೊಡವಿದರು. ಆಮೇಲೆ ನನ್ನ ಗಂಟಿನ ಮೇಲೆ ಕೂತರು.

"ಕಾಕಾ, ಅದು ನನ್ನ ಗಂಟು."

"ಗೊತ್ತದಪಾ. ಬೆಂಚು ಕಾದು ಕೆಂಡ ಆಗ್ಯಾದ. ಗಾಡಿ ಬರೂತನಕ ಕುಂದರ್ತೀನಿ. ಏನದ ಇದರಾಗ?"

"ರೊಟ್ಟಿ."

"ಎಷ್ಟು?"

"ನಲವತ್ತು."

ಅವರು ಸ್ವಲ್ಪ ಆಚೆ ಈಚೆ ಅಲುಗಾಡಿ ನೋಡಿದರು. ಕೆಳಗೆ ಕರಕರ ಎಂದಿತು.

"ಒಂದೊಂದು ಹತ್ತು ತುಂಡು ಹಿಡದ್ರ, ಈಗ ನಾನೂರು ಆಗ್ಯಾವ" ಅಂದರು. ಆದರೂ ಏಳಲಿಲ್ಲ. ಆಗಿದ್ದು ಆಗಿಹೋಗಿದೆ, ಎದ್ದು ಏನು ಮಾಡುವುದು ಎಂಬಂತೆ ಗಾಡಿ ಬರುವವರೆಗೂ ಕೂತರು.

ಎಂಟು ದಿನ ಆ ಹಿಟ್ಟನ್ನು ನೀರಿನಲ್ಲಿ ಕಲಸಿ ಉಂಡೆ. ಹಿಟ್ಟು ಬೇಯಿಸಿ ರೊಟ್ಟಿ ಮಾಡುತ್ತಾರೆ. ನಾನು ರೊಟ್ಟಿಯಿಂದ ಹಿಟ್ಟಿಗೆ ಬಂದೆ.

ಮೂರನೆಯ ದಿನ ಕ್ಲಾಸಿಗೆ ಹೋದರೆ, ಗಣಿತದ ಮಾಸ್ತರು ಅದೇ ಶೇರ್ವಾನಿಯವರು. ನನ್ನನ್ನು ಗುರುತಿಸಿದರು. ಹೆಸರು ಕೇಳಲಿಲ್ಲ.

"ಬಾ ರೊಟ್ಟಿ, ಕುಂದ್ರು" ಅಂದರು.

ಅವತ್ತಿನಿಂದ ಶಹಾಬಾದಿನಲ್ಲಿ ನನ್ನ ಹೆಸರು ರೊಟ್ಟಿ.

ಗೋಡೆ

ಕೋಣೆ ಕೊಟ್ಟವನು ಕಲ್ಲಿನ ವ್ಯಾಪಾರಿ. ಶಹಾಬಾದಿನಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆ ಕಲ್ಲು. ಬೇಸಿಗೆಯಲ್ಲಿ ಊರೇ ಒಲೆಯ ಮೇಲಿನ ಹಂಚು. ಕೋಣೆಗೆ ಕಿಟಕಿ ಇರಲಿಲ್ಲ.

"ಕಾಕಾ, ಗಾಳಿಗಿ ಏನ ಮಾಡೂದು?"

"ಇಲ್ಲೀ ಗಾಳಿ ಒಳಗ ಕರಕೊಳ್ಳೂ ಅಂಥದ್ದಲ್ಲ ತಮ್ಮಾ. ಹೊರಗೇ ಇರ್ಲಿ."

ಬಾಡಿಗೆ ಬೇಡವೆಂದ. ಬದಲಿಗೆ ಸಂಜೆ ಅವನ ವ್ಯಾಪಾರದ ಪತ್ರ ಬರೆದುಕೊಡಬೇಕು. ಅವನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ನಾನು ಒಪ್ಪಿದೆ. ಸೊಲ್ಲಾಪುರದವರಿಗೆ, ರಾಯಚೂರಿನವರಿಗೆ ಬರೆದೆ. 'ನಮ್ಮಲ್ಲಿ ಉತ್ತಮ ಹಾಸುಗಲ್ಲು ತಯಾರಿದೆ. ಒಂದೇ ಅಳತೆ, ಒಂದೇ ಬಣ್ಣ. ಕೂಡಲೇ ಬಂದು ನೋಡಬೇಕು.' ನನ್ನ ಅಕ್ಷರ ದುಂಡಗಿತ್ತು.

ಕೋಣೆಯ ಮೂರು ಗೋಡೆ ಗಟ್ಟಿಯಾಗಿದ್ದವು. ನಾಲ್ಕನೆಯದಕ್ಕೆ ಗಾರೆ ಇರಲಿಲ್ಲ. ಹಾಸುಗಲ್ಲನ್ನು ಒಂದರ ಮೇಲೊಂದು ಪೇರಿಸಿದ್ದ. ಮಾಳಿಗೆ ಕಂಬದ ಮೇಲೆ ನಿಂತಿತ್ತು. ಬಡವನ ಕೋಣೆ, ಗಾರೆ ಉಳಿಸಿದ್ದಾನೆ ಎಂದುಕೊಂಡೆ.

ಹತ್ತನೆಯ ದಿನ ಕ್ಲಾಸು ಮುಗಿಸಿ ಬಂದರೆ ಕೋಣೆಯಲ್ಲಿ ಬೆಳಕು. ನಾಲ್ಕನೆಯ ಗೋಡೆ ಮೇಲಿನಿಂದ ಎರಡು ಮೊಳ ಇರಲಿಲ್ಲ.

"ಕಾಕಾ, ಗೋಡಿ ಎಲ್ಲಿ?"

"ಗಿರಾಕಿ ಬಂದಿತ್ತಪಾ. ರಾಯಚೂರಿಂದು. ಬಂಡಿ ತುಂಬಿಸಿ ಕಳಸಿದೆ."

"ಅದು ನನ್ನ ಗೋಡಿ."

"ನೀ ಬರೂಕ್ಕಿಂತ ಮೊದಲ ಅದು ಮಾಲು, ತಮ್ಮಾ. ನೀ ಬಂದ ಮ್ಯಾಲ ಗೋಡಿ ಆಗ್ಯಾದ. ನೀನೇ ಗಾಳಿ ಕೇಳಿದ್ದಿ, ಹೌದಿಲ್ಲೊ?"

ಮುಂದಿನ ವಾರ ಗೋಡೆ ಎದೆಮಟ್ಟ ಬಂತು. ಅದರ ಮುಂದಿನ ವಾರ ಸೊಂಟದ ಮಟ್ಟ. ದಾರಿಯಲ್ಲಿ ಹೋಗುವವರು ನಿಂತು, ಒಳಗೆ ಏನು ಓದುತ್ತಿದ್ದೇನೆ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಪತ್ರ ಬರೆಯುವುದು ನಿಲ್ಲಿಸೋಣ ಎಂದರೆ ಕೋಣೆಯೇ ಹೋಗುತ್ತದೆ. ಬರೆದರೆ ಗೋಡೆ ಹೋಗುತ್ತದೆ. ಬರೆದೆ.

ವ್ಯಾಪಾರಿ ನನ್ನ ಬೆನ್ನು ತಟ್ಟಿ ಹೇಳಿದ: "ನಿನ್ನ ಕೈಗುಣ ಭಾಳ ಛಲೋ ಅದ ತಮ್ಮಾ. ನೀ ಬರದ ಪತ್ರಕ್ಕ ಒಂದೂ ಮಾಲು ಉಳೀವಲ್ದು."

ನೆರಳು

ಬೇಸಿಗೆಯಾದ್ದರಿಂದ ಶಾಲೆಗೆ ಬೀಗ. ಕ್ಲಾಸು ಶಾಲೆಯ ಮುಂದಿನ ಬೇವಿನ ಮರದ ಕೆಳಗೆ. ನಾವು ಹನ್ನೆರಡು ಜನ, ಎಲ್ಲರೂ ಗಣಿತದಲ್ಲಿ ಹೋದವರು.

ಬೆಳಿಗ್ಗೆ ನೆರಳು ಶಾಲೆಯ ಕಡೆಗೆ ಬೀಳುತ್ತಿತ್ತು. ಹೊತ್ತು ಏರಿದಂತೆ ಸರಿಯುತ್ತಿತ್ತು. ನೆರಳಿನ ಹಿಂದೆ ನಾವೂ ಸರಿಯುತ್ತಿದ್ದೆವು. ಮಾಸ್ತರು ಕಪ್ಪು ಹಲಗೆ ಎತ್ತಿಕೊಂಡು ಮುಂದೆ, ನಾವು ಹಿಂದೆ. ಹತ್ತೂವರೆಗೆ ನೆರಳು ಕ್ಷೌರಿಕನ ಜಾಗಕ್ಕೆ ಬರುತ್ತಿತ್ತು. ಅವನು ಅಲ್ಲಿ ಒಂದು ಕಲ್ಲು, ಒಂದು ಕನ್ನಡಿ ಇಟ್ಟುಕೊಂಡಿದ್ದ.

ಮೂರನೆಯ ದಿನ ಕೇಳಿದ.

"ಮಾಸ್ತರ್ರೇ, ಹನ್ನೆರಡು ಮಂದಿ ನನ್ನ ನೆಳ್ಳಾಗ ಕುಂತ್ರ ನನ್ನ ಗಿರಾಕಿ ಎಲ್ಲಿ ಕುಂದರ್ಬೇಕು?"

"ಮಕ್ಕಳು ಓದ್ಲಿಕತ್ತಾರ. ಜರಾ ಸಹನೆ ಮಾಡು."

"ಸಹನೆ ಮಾಡ್ತೀನಿ. ಆದ್ರ ನಂದೂ ಒಂದು ಅಡಚಣಿ ಅದ. ನನ್ನ ಅಳಿಯ ಹೊಸದಾಗಿ ಕೆಲಸ ಕಲೀಲಿಕತ್ತಾನ. ಅವನ ಕೈಗಿ ತಲಿ ಕೊಡ್ಲಿಕ್ಕ ಊರಾಗ ಯಾರೂ ತಯಾರಿಲ್ಲ. ದಿನಕ್ಕೊಂದು ತಲಿ ಕೊಡ್ರಿ, ನೆಳ್ಳು ತಗೋರಿ."

ಮಾಸ್ತರು ಲೆಕ್ಕ ಹಾಕಿದರು. ಹನ್ನೆರಡು ತಲೆ, ಹನ್ನೆರಡು ದಿನ. ಅಷ್ಟರಲ್ಲಿ ಮೊದಲನೆಯ ತಲೆಯಲ್ಲಿ ಕೂದಲು ಬರುತ್ತದೆ.

"ಮಂಜೂರ್" ಅಂದರು. ನಮ್ಮನ್ನು ಕೇಳಲಿಲ್ಲ.

ಅಳಿಯ ಒಂದು ಕಡೆ ಹೆಚ್ಚು ಕತ್ತರಿಸುತ್ತಿದ್ದ. ಸರಿ ಮಾಡಲು ಇನ್ನೊಂದು ಕಡೆ ಕತ್ತರಿಸುತ್ತಿದ್ದ. ಅದು ಹೆಚ್ಚಾಗುತ್ತಿತ್ತು. ಕೊನೆಗೆ ಮಾವ ಬಂದು ಪೂರಾ ಬೋಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ನನ್ನ ಸರದಿ ನಾಲ್ಕನೆಯದು.

ಆ ದಿನ ಮಾಸ್ತರು ಬೀಜಗಣಿತ ಹೇಳುತ್ತಿದ್ದರು. "ಗೊತ್ತಿಲ್ಲದ್ದನ್ನ ಎಕ್ಸ್ ಅಂತ ಹಿಡೀರಿ" ಅಂದರು.

ಕ್ಷೌರಿಕ ನನ್ನ ತಲೆ ಒರೆಸುತ್ತಾ ಹೇಳಿದ: "ನನ್ನ ಅಳಿಯನೂ ಹಂಗೇ ಮಾಡ್ತಾನ್ರಿ. ಗೊತ್ತಿಲ್ಲದ್ದನ್ನೇ ಹಿಡಿತಾನ."

ಏಳನೆಯ ದಿನ

ರೊಟ್ಟಿಯ ಹಿಟ್ಟು ಮುಗಿಯುವ ಹೊತ್ತಿಗೆ ಮಾಸ್ತರು, "ವಾರ ಹಚ್ಚಿಕೋ" ಅಂದರು. ಆಗ ಬಡ ಹುಡುಗರು ಹಾಗೆ ಓದುತ್ತಿದ್ದರು. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದರಲ್ಲಿ. ಏಳು ಮನೆ ಹಿಡಿದರೆ ಏಳು ದಿನ ನಡೆಯುತ್ತದೆ. ಯಾರಿಗೂ ಭಾರವಾಗುವುದಿಲ್ಲ.

ನನಗೆ ಆರು ಮನೆ ಸಿಕ್ಕವು. ಸೋಮವಾರ ಮಠದ ಪಕ್ಕದ ಮುದುಕಿಯ ಮನೆ; ಎಲ್ಲರೂ ಅವ್ವ ಅನ್ನುತ್ತಿದ್ದರು, ನಾನೂ ಅಂದೆ. ಬುಧವಾರ ರೈಲ್ವೆ ಪಾಯಿಂಟ್ಸ್‌ಮನ್ನನ ಮನೆ; ಅವನ ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದೆ. ಶುಕ್ರವಾರ ಕಿರಾಣಿ ಸಾಹುಕಾರನ ಮನೆ. ಉಳಿದ ಮೂರು ಮನೆಗಳಲ್ಲಿ ಬರೆಯುವಂಥದ್ದು ಏನೂ ಆಗಲಿಲ್ಲ. ಊಟ ಹಾಕಿದರು, ಉಂಡೆ. ಅವರ ಉಪಕಾರ ದೊಡ್ಡದು.

ಗುರುವಾರಕ್ಕೆ ಮನೆ ಸಿಗಲಿಲ್ಲ.

ಮೊದಲನೆಯ ಬುಧವಾರ ಅಕ್ಕ ರೊಟ್ಟಿ ಹಾಕುತ್ತಾ ಕೇಳಿದಳು: "ನಾಳಿ ಯಾರ ಮನಿ, ತಮ್ಮಾ?"

ಇಲ್ಲ ಎಂದರೆ, 'ನಾಳೆಯೂ ಇಲ್ಲಿಗೇ ಬಾ' ಅನ್ನುತ್ತಾಳೆ. ಅವಳಿಗೆ ನಾಲ್ಕು ಮಕ್ಕಳು. ಅವಳ ಅತ್ತೆ ಬಾಗಿಲಲ್ಲಿ ಕೂತು ನಾನು ಎಷ್ಟನೆಯ ರೊಟ್ಟಿಯಲ್ಲಿದ್ದೇನೆ ಎಂದು ನೋಡುತ್ತಿದ್ದಳು. ನಾಚಿಕೆಯಾಯಿತು. ಬಾಯಿಗೆ ಬಂದದ್ದು ಹೇಳಿದೆ.

"ನಾಳಿ ಗುರುವಾರ ಅಲ್ಲ ಅಕ್ಕಾ? ನಂದು ಉಪವಾಸ."

ಅಕ್ಕನ ಕೈ ನಿಂತಿತು. "ಈ ವಯಸ್ಸಿನಾಗ? ಒಪ್ಪತ್ತೇನು?"

"ಇಲ್ಲ. ಪೂರಾ."

ಅತ್ತೆ ಬಾಗಿಲಿನಿಂದ ಎದ್ದು ಬಂದು ನನ್ನ ಬೋಳುತಲೆ ನೋಡಿದಳು. ಕೈ ಮುಗಿದಳು.

"ಹಾಕು, ಇನ್ನೊಂದು ರೊಟ್ಟಿ ಹಾಕು" ಎಂದು ಸೊಸೆಗೆ ಹೇಳಿದಳು.

ಆ ಸುಳ್ಳಿನಿಂದ ನನಗಾದ ಲಾಭ ಆ ಒಂದು ರೊಟ್ಟಿ.

ಕೀರ್ತಿ

ಎಂಟು ದಿನದೊಳಗೆ ಓಣಿಗೆಲ್ಲ ಗೊತ್ತಾಯಿತು. ಕಾಡಿನ ಕಡೆಯಿಂದ ಬಂದ ಹುಡುಗ. ತಲೆ ಬೋಳಿಸಿಕೊಂಡಿದ್ದಾನೆ. ಗುರುವಾರ ಅನ್ನ ಮುಟ್ಟುವುದಿಲ್ಲ. ಗೋಡೆ ಇಲ್ಲದ ಕೋಣೆಯಲ್ಲಿ ಇರುತ್ತಾನೆ. ಮೂರೂ ಬೇರೆ ಬೇರೆ ಕಾರಣಕ್ಕೆ ಆದವು. ಕೂಡಿಸಿದರೆ ಸನ್ಯಾಸಿ.

ನಿಜ ಹೇಳಬಹುದಿತ್ತು. ಹೇಳಿದರೆ ಸುಳ್ಳುಗಾರ ಎಂದು ಆರು ಮನೆಯೂ ಹೋಗುತ್ತವೆ. ಒಂದು ದಿನದ ಹಸಿವೆಗೆ ಆರು ದಿನದ ಊಟ ಕಳೆಯುವ ಲೆಕ್ಕ ನನಗೂ ಬರುತ್ತಿತ್ತು.

ಮುಂದಿನ ಸೋಮವಾರ ಮಠದ ಪಕ್ಕದ ಅವ್ವನ ಮನೆಗೆ ಹೋದೆ. ತಟ್ಟೆಯಲ್ಲಿ ಒಂದು ಬಾಳೆಹಣ್ಣು, ಪಕ್ಕದಲ್ಲಿ ಒಂದು ಬಟ್ಟಲು ಹಾಲು.

"ಅವ್ವಾ, ಇವತ್ತ ಅಡಗಿ…?"

"ನನಗ ತಪ್ಪಾಯ್ತು ನೋಡು ಯಪ್ಪಾ. ನಾವು ಸೋಮವಾರ ಹಗಲಾಗ ಉಣ್ಣಲ್ಲ. ನೀ ಹುಡುಗ ಅಂತ ನಿನಗ ಬ್ಯಾರೆ ಅಡಗಿ ಮಾಡ್ಲಿಕತ್ತಿದ್ದೆ. ಗುರುವಾರ ಪೂರಾ ಉಪವಾಸ ಮಾಡವಗ ಸೋಮವಾರ ಪುಂಡಿಪಲ್ಯ ತಿನಸಿದೆನಲ್ಲ!"

"ನನಗ ನಡೀತದ ಅವ್ವಾ."

"ನಿನಗ ನಡೀತದ. ಪಾಪ ನನಗ ಹತ್ತತದ."

ಬಾಳೆಹಣ್ಣು ತಿಂದೆ. ಸಿಪ್ಪೆಯನ್ನು ಆಕೆಯ ಎಮ್ಮೆಗೆ ಹಾಕಿದೆ. ಎಮ್ಮೆಯ ಮುಂದೆ ಕಣಿಕೆ ರಾಶಿ ಬಿದ್ದಿತ್ತು. ಅದಕ್ಕೆ ಯಾವ ವಾರವೂ ಇರಲಿಲ್ಲ.

ಗುರುವಾರ ತಿನ್ನೋಣ ಎಂದು ಟ್ರಂಕಿನಲ್ಲಿ ಒಂದು ಹಿಡಿ ಪುಟಾಣಿ ಕಡಲೆ ಮುಚ್ಚಿಟ್ಟಿದ್ದೆ. ಆ ದಿನ ಬಂದಾಗ ಟ್ರಂಕು ತೆಗೆದೆ. ಸೊಂಟದ ಮಟ್ಟದ ಗೋಡೆಯ ಆಚೆ ಮೂವರು ಹೆಂಗಸರು ಕೊಡ ಹೊತ್ತು ನಿಂತಿದ್ದರು.

"ಏನ ಹುಡಕ್ಲಿಕತ್ತೀರಿ?" ಎಂದು ಒಬ್ಬಳು ಕೇಳಿದಳು. ನನಗೆ ಹದಿನೇಳು. ಆಕೆಗೆ ನನ್ನ ಅವ್ವನ ವಯಸ್ಸು. ಗೌರವದಿಂದ ಕೇಳಿದಳು.

"ಪುಸ್ತಕ" ಅಂದೆ. ಪುಸ್ತಕ ತೆಗೆದು ಟ್ರಂಕು ಮುಚ್ಚಿದೆ. ಅವರು ಹೋಗುವವರೆಗೆ ಓದಿದೆ. ಅವರು ಹೋದ ಮೇಲೆ ಬೇರೆಯವರು ಬಂದರು. ಆ ಬೇಸಿಗೆಯಲ್ಲಿ ನಾನು ಗುರುವಾರ ಓದಿದಷ್ಟು ಬೇರೆ ದಿನ ಓದಲಿಲ್ಲ.

ಮಾಸ್ತರಿಗೂ ಸುದ್ದಿ ಮುಟ್ಟಿತು. ಬೇವಿನ ನೆರಳಿನಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಉಳಿದ ಹನ್ನೊಂದು ಬೋಳುತಲೆಗಳಿಗೆ ತೋರಿಸಿದರು.

"ಇವನನ್ನ ನೋಡಿ ಕಲೀರಿ. ಹೆಸರು ರೊಟ್ಟಿ. ಮುಟ್ಟೂದಿಲ್ಲ."

ಮಿರ್ಚಿ

ಶಹಾಬಾದಿನಲ್ಲಿ ಗುರುವಾರ ನನ್ನ ಬಾಯಿ ಅಲುಗಿದರೆ ಊರಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಒಂದು ಗುರುವಾರ ರೈಲು ಹತ್ತಿ ವಾಡಿಗೆ ಹೋದೆ. ಟ್ರಂಕಿನ ತಳದಲ್ಲಿ ನನ್ನ ಹೆತ್ತವ್ವ ಕಟ್ಟಿಟ್ಟ ಚಿಲ್ಲರೆ ಇತ್ತು. ಜಂಕ್ಷನ್ನು, ಎಲ್ಲಿಂದಲೋ ಬಂದವರು ಎಲ್ಲಿಗೋ ಹೋಗುತ್ತಾರೆ. ಯಾರು ಯಾರನ್ನು ನೋಡುತ್ತಾರೆ?

ಪೊಟ್ಟಣದ ತುಂಬ ಮಿರ್ಚಿ ಭಜಿ ತೆಗೆದುಕೊಂಡೆ. ಪಾರ್ಸಲು ಚೀಲಗಳ ರಾಶಿಯ ಹಿಂದೆ ಹೋದೆ. ಅಲ್ಲಿ ಮೊದಲೇ ಒಬ್ಬರು ಗೋಡೆಗೆ ಮುಖ ಮಾಡಿ ಕೂತು ಉಳ್ಳಾಗಡ್ಡಿ ಭಜಿ ತಿನ್ನುತ್ತಿದ್ದರು. ನಾನು ಒಂದು ಮಿರ್ಚಿ ಬಾಯಿಗೆ ಹಾಕಿದೆ. ಅವರು ತಿರುಗಿದರು.

ಶುಕ್ರವಾರದ ಸಾಹುಕಾರ.

ಉಳ್ಳಾಗಡ್ಡಿ ಬಿಟ್ಟು ಹನ್ನೆರಡು ವರ್ಷವಾಯಿತು ಎಂದು ಅವರು ಅಂಗಡಿಗೆ ಬಂದ ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಿದ್ದರು. ಅವರ ಮನೆಯಲ್ಲಿ ಅದನ್ನು ಯಾರೂ ತಿನ್ನುವಂತಿರಲಿಲ್ಲ. ಶುಕ್ರವಾರ ನಾನೂ ಉಳ್ಳಾಗಡ್ಡಿ ಇಲ್ಲದ ಝುಣಕ ಉಣ್ಣುತ್ತಿದ್ದೆ.

ಇಬ್ಬರ ಬಾಯಿಯೂ ತುಂಬಿತ್ತು. ಮೊದಲು ನುಂಗಿದ್ದು ಅವರು.

"ಏನಪಾ, ವಾಡಿಗಿ?"

"ಪುಸ್ತಕ ತರ್ಲಿಕ್ಕ ಬಂದಿದ್ದೆ ಸಾಹುಕಾರ್ರೇ. ನೀವು?"

"ಮಾಲು ನೋಡ್ಲಿಕ್ಕ."

ಬೇರೆ ಬೇರೆ ಡಬ್ಬಿಯಲ್ಲಿ ಕೂತು ವಾಪಸು ಬಂದೆವು.

ಮರುದಿನ ಶುಕ್ರವಾರ. ಊಟಕ್ಕೆ ಹೋದೆ. ಸಾಹುಕಾರ ಅಂಗಡಿಯ ಮುಂದೆ ನಾಲ್ಕು ಜನರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತು ಎರಡೂ ಕೈ ಮೇಲೆತ್ತಿದರು.

"ಬಂದ್ರು ನೋಡ್ರಿ! ಇನ್ನ ಮ್ಯಾಲ ಶುಕ್ರವಾರನೂ ಉಪವಾಸ ಹಿಡದಾರ. ನಿನ್ನೆ ನನಗ ಹೇಳಿದ್ರು. ನಾ ಎಷ್ಟು ಬ್ಯಾಡ ಅಂದೆ, ಕೇಳ್ಲಿಲ್ಲ. ಹೇಳಿ ಹೋಗ್ಲಿಕ್ಕ ಬಂದಾರ."

ನಾಲ್ವರೂ ಕೈ ಮುಗಿದರು. ನಾನೂ ಮುಗಿದೆ. ಬೇರೆ ಏನು ಮಾಡಲಿ? ಅವರ ಉಳ್ಳಾಗಡ್ಡಿ ನನ್ನ ಕೈಯಲ್ಲಿ, ನನ್ನ ಮಿರ್ಚಿ ಅವರ ಕೈಯಲ್ಲಿ. ಅವರಿಗೆ ನನ್ನ ಮುಖ ವಾರಕ್ಕೊಮ್ಮೆ ನೋಡುವುದು ಬೇಡವಾಗಿತ್ತು, ಅಷ್ಟೇ.

ಹೀಗೆ ಗುರುವಾರ ಹೋಗಿತ್ತು, ಶುಕ್ರವಾರ ಹೋಯಿತು, ಸೋಮವಾರ ಒಂದು ಬಾಳೆಹಣ್ಣು. ಪರೀಕ್ಷೆಗೆ ಇನ್ನೂ ಹದಿಮೂರು ದಿನ ಇತ್ತು. ಲೆಕ್ಕ ಮಾಡುವಾಗ ಅಂಕಿಗಳು ಅಲುಗಾಡುತ್ತಿದ್ದವು. ಆ ಶನಿವಾರ ಟ್ರಂಕು ಕಟ್ಟಿದೆ. ಹಸಿವಿ ತಾಳದಿದ್ರ ವಾಪಸ್ ಬಾ ಎಂದು ಅಪ್ಪ ಹೇಳಿದ್ದ. ಮಾವನ ಮಗ್ಗುಲಲ್ಲಿ ಜಾಗ ಇತ್ತು. ಅಲ್ಲಿ ಏಳು ದಿನವೂ ಊಟ ಇತ್ತು.

ಕಟ್ಟಿದ ಟ್ರಂಕಿನ ಮೇಲೆ ಬಹಳ ಹೊತ್ತು ಕೂತೆ. ಎಲೆ ಎಣಿಸುವುದಕ್ಕಿಂತ ದಿನ ಎಣಿಸುವುದು ವಾಸಿ ಅನ್ನಿಸಿತು. ಎಲೆಗೆ ಕೊನೆ ಇಲ್ಲ. ಟ್ರಂಕು ಬಿಚ್ಚಿದೆ.

ಅದನ್ನೂ ಗೋಡೆಯ ಆಚೆಯಿಂದ ಯಾರೋ ನೋಡಿದ್ದರು. ಸಂಜೆಗೆ ಓಣಿಯಲ್ಲಿ ಸುದ್ದಿ: 'ಸಂಸಾರ ಬಿಟ್ಟು ಹೊಂಟಿದ್ರಂತ. ಮತ್ಯಾಕೋ ನಿಂತ್ರು.'

ಕೊನೆಯ ಗುರುವಾರ

ಪರೀಕ್ಷೆ ಶಹಾಬಾದಿನಲ್ಲೇ. ಗುರುವಾರ ಬಂತು.

ಬಿಸಿಲು ಹೆಚ್ಚಾಗಿತ್ತೆಂದು ಊರಿನವರು ಪರೀಕ್ಷೆಯ ಹುಡುಗರಿಗೆ ಬೆಲ್ಲದ ಪಾನಕ ಮತ್ತು ಶೇಂಗಾ ಕಳಿಸಿದ್ದರು. ಮೂರನೆಯ ಲೆಕ್ಕ ಮುಗಿಸುವ ಹೊತ್ತಿಗೆ ಸಿಪಾಯಿ ಸಾಲಿನಲ್ಲಿ ಕೊಡುತ್ತಾ ಬಂದ. ನನ್ನ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕೈ ಚಾಚಿದೆ. ಅವನು ನನ್ನ ಕೈಯನ್ನೇ ನೋಡಿದ, ಮುಖ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ.

"ಪರೀಕ್ಷಾ ಮಾಡ್ಲಿಕತ್ತೀರಿ ನನ್ನ?" ಎಂದು ಪಿಸುಗುಟ್ಟಿದ. "ಗುರುವಾರ ಅಂತ ನನಗ ಗೊತ್ತದ." ಮುಂದೆ ಹೋದ. ನನ್ನ ಪಾಲು ಹಿಂದಿನ ಹುಡುಗನಿಗೆ ಹೋಯಿತು. ಅವನು ಶೇಂಗಾ ಅಗಿಯುವ ಸದ್ದು ಕೇಳುತ್ತಾ ಐದನೆಯ ಲೆಕ್ಕದವರೆಗೆ ಮಾಡಿದೆ. ಆರನೆಯದು ತ್ರಿಕೋನ. ಬಿಟ್ಟೆ.

ಮಧ್ಯಾಹ್ನದ ಗಾಡಿಗೆ ಹೊರಡಬೇಕಿತ್ತು. ಕಲ್ಲಿನ ವ್ಯಾಪಾರಿಗೆ ಹೇಳಿದೆ. ಗೋಡೆ ಮೊಣಕಾಲಿನ ಮಟ್ಟ ಇತ್ತು. ಬಾಗಿಲಿಗೆ ಹೋಗದೆ ಅದನ್ನೇ ದಾಟಿ ಬಂದೆ. ಕೊನೆಗೆ ಮಾಸ್ತರ ಮನೆಗೆ ಹೋದೆ. ಅಲ್ಲಿಯವರೆಗೆ ಅವರ ಮನೆ ನೋಡಿರಲಿಲ್ಲ. ಅವರ ಹೆಂಡತಿ ಚಾಪೆ ಹಾಸಿದರು. ಒಳಗಿನಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು.

"ನೀನೇನು ತಮ್ಮಾ ರೊಟ್ಟಿ?" ಎಂದು ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಎಷ್ಟು ಸಣ್ಣಾಗೀದಿ! ನನಗ ಒಂದು ಮಾತು ಮನಸಿನಾಗ ಉಳದದ. ವಾಡಿಯಾಗ ಇವರು ನಿನ್ನ ರೊಟ್ಟಿ ಮುರದು ಬಂದ ದಿನಾನೇ ನನ್ನ ಮುಂದ ಹೇಳಿದ್ರು. ಆ ಹುಡುಗನ ಅನ್ನ ಕೆಡಿಸೀನಿ, ನಮ್ಮ ಮನ್ಯಾಗ ಅವಗ ಒಂದು ವಾರ ಕೊಡಬೇಕು ಅಂತ."

ನಾನು ತಲೆ ಎತ್ತಿದೆ.

"ನಮ್ಮಲ್ಲಿ ದಿನಾ ಒಬ್ಬೊಬ್ಬ ಹುಡುಗ ಉಣ್ತಾನ. ಖಾಲಿ ಇದ್ದದ್ದು ಒಂದೇ ದಿನ. ಗುರುವಾರ. ನಾಳಿಗಿ ಕರೀಬೇಕು ಅನ್ನೂದ್ರಾಗ ನಿನ್ನ ಉಪವಾಸದ ಸುದ್ದಿ ಬಂತು. ಪ್ರತಿ ಗುರುವಾರ ಅಡಗಿ ಮಾಡ್ವಾಗ ನೆನಸ್ತೀನಿ ನೋಡು. ಎಲ್ಲಾ ದಿನ ಬಿಟ್ಟು ಇದೇ ದಿನ ಹಿಡದಾನಲ್ಲ, ಈ ಮನಿ ಅನ್ನದ ಋಣ ಅವಗ ಇಲ್ಲ ಅಂತ."

ಬೇಸಿಗೆ ಪೂರ್ತಿ ನನಗೆ ಏಳನೆಯ ಮನೆ ಇತ್ತು. ಬೇವಿನ ಮರದಿಂದ ಐವತ್ತು ಹೆಜ್ಜೆ.

ನಾಚಿಕೆ ಬಿಟ್ಟೆ. "ಅವ್ವಾರೆ, ಬಡಿಸ್ರಿ" ಅಂದೆ.

ಮಾಸ್ತರು ಹೊಟ್ಟೆ ಕುಣಿಸಿ ನಕ್ಕರು. "ನೋಡು, ಚಾಷ್ಟಿ ಮಾಡ್ಲಿಕ್ಕೂ ಬರ್ತದ ಇವಗ!"

"ಚಾಷ್ಟಿ ಅಲ್ರಿ. ಹಸಿವ್ಯಾಗ್ಯಾದ."

ಆಕೆಯ ಕಣ್ಣಲ್ಲಿ ನೀರು ಬಂತು. ಆದರೆ ತಟ್ಟೆ ಬರಲಿಲ್ಲ. "ಹಸಿವಿ ಆಗೂದೇ ಯಪ್ಪಾ. ಅದಕ್ಕೇ ಅದು ಉಪವಾಸ. ಇಷ್ಟು ದಿನ ಹಿಡದು, ಪರೀಕ್ಷಾ ಬರದ ದಿನಾನೇ ಬಿಡ್ತಾರೇನು? ಫಲ ಹೋಗ್ತದ. ಕಟ್ಟಿ ಇಟ್ಟೀನಿ, ನಾಳಿ ಉಣ್ಣು."

ಗಂಟು ತಂದರು. ನಲವತ್ತು ಖಡಕ್ ರೊಟ್ಟಿ. ಎಣಿಸಿ ಬಡಿದಿದ್ದರು.

ಮಾಸ್ತರು ಸ್ಟೇಷನ್ನಿಗೆ ಬಂದರು. ಗಂಟು ಬೆಂಚಿನ ಮೇಲೆ ಇಟ್ಟು, ಗಾಡಿ ಬರುವವರೆಗೂ ಪಕ್ಕದಲ್ಲಿ ನಿಂತೇ ಇದ್ದರು. ಯಾರನ್ನೂ ಕೂರಲು ಬಿಡಲಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಿದೆ. ಎದುರಿಗೆ ಶಹಾಬಾದಿನ ನಮ್ಮ ಓಣಿಯ ಹೆಂಗಸು ಕೂತಿದ್ದಳು. ಚಿತ್ತಾಪುರದಲ್ಲಿ ಕೈ ಮುಗಿದು ಇಳಿದಳು. ಗಂಟು ಬಿಚ್ಚಿದೆ. ಸೇಡಂ ಬರುವಷ್ಟರಲ್ಲಿ ಒಂಬತ್ತು ರೊಟ್ಟಿ ಒಣದಾಗಿಯೇ ತಿಂದೆ. ಗುರುವಾರ ಹೊಟ್ಟೆ ತುಂಬಿದ್ದು ಅದೇ ಕೊನೆ.

ಕೊನೆ ಯಾಕೆ ಎಂದರೆ, ತಿಂಗಳು ಬಿಟ್ಟು ಮಾಸ್ತರ ಕಾರ್ಡು ಬಂತು. ಅಪ್ಪನಿಗೆ ಓದು ಬರದು. ನಾನು ಮನೆಯಲ್ಲಿರಲಿಲ್ಲ. ಟಪಾಲಿನವನು ಕಟ್ಟೆಯ ಮೇಲೆ ನಿಂತು, ಊರಿಗೆಲ್ಲ ಕೇಳುವಂತೆ ಓದಿದ: 'ರೊಟ್ಟಿ, ಪಾಸಾದಿ. ಬೇಕಾದದ್ದಕ್ಕಿಂತ ಒಂದೇ ಒಂದು ಅಂಕ ಹೆಚ್ಚು ಬಂದಿದೆ. ಆ ಒಂದು ನಿನ್ನದಲ್ಲ, ಗುರುವಾರದ್ದು. ಉಪವಾಸ ಬಿಡಬೇಡ.'

ನಾನು ಮನೆಗೆ ಬರುವಷ್ಟರಲ್ಲಿ ಅವ್ವ ಅಳುತ್ತಿದ್ದಳು. "ನನಗ ಒಂದು ಮಾತು ಹೇಳ್ಲಿಲ್ಲಲ್ಲೋ ಯಪ್ಪಾ" ಅಂದಳು. ಅವತ್ತು ಗುರುವಾರ. ಒಲೆಯ ಮೇಲಿನ ಅಡುಗೆ ಇಳಿಸಿ ಮುಚ್ಚಿಟ್ಟಳು.

ಎಲೆ ಎಣಿಸುವುದು ತಪ್ಪಿತು. ಸೇಡಂ ಕಚೇರಿಯಲ್ಲಿ ನೌಕರಿ ಸಿಕ್ಕಿತು. ಗುರುವಾರ ಬಿಡಲಿಲ್ಲ. ನಾನು ಬಿಡುತ್ತಿದ್ದೆ, ಅವ್ವ ಬಿಡಲಿಲ್ಲ. ಅವ್ವನ ನಂತರ ಹೆಂಡತಿ ಬಿಡಲಿಲ್ಲ. ಈಗ ಸೊಸೆ. ಯಾವ ಗುರುವಾರ ನಿಜ ಹೇಳಲಿ ಎಂದು ನೋಡುತ್ತಾ ಐವತ್ತು ವರ್ಷದ ಮೇಲಾಯಿತು. ಇದನ್ನು ಓದಿಯಾದರೂ ತಿಳಿಯಲಿ ಎಂದು ಬರೆದೆ. ಆದರೆ ನಾನು ಬರೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಓದುವುದಿಲ್ಲ.

ಇವತ್ತೂ ಗುರುವಾರವೇ. ಒಳಗೆ ಎಣ್ಣೆಗಾಯಿ ಆಗುತ್ತಿದೆ. ವಾಸನೆ ಇಲ್ಲಿಯವರೆಗೆ ಬಂದಿದೆ. ಈಗ ಸೊಸೆ ಬಾಗಿಲಲ್ಲಿ ಇಣುಕಿದಳು.

"ಮಾವಾರೆ, ಭಾಳ ಹೊತ್ತಿಂದ ಬರೀಲಿಕತ್ತೀರಿ. ಏನರೆ ಬೇಕೇನ್ರಿ?"

ಪೆನ್ನು ಕೆಳಗಿಟ್ಟೆ. ಬಾಯಿ ತೆರೆದೆ.

"ಅಯ್ಯ, ಮರತಿದ್ದೆ ನೋಡ್ರಿ" ಎಂದು ನಾಲಗೆ ಕಚ್ಚಿಕೊಂಡಳು. ಕೈ ಮುಗಿದು ಒಳಗೆ ಹೋದಳು.